ಬಿದ್ದವನ ಸಾಲು

ಬ್ಲ್ಯಾಕ್ ರನ್, ಪೆನ್ಸಿಲ್ವೇನಿಯಾ
ಮಂಗಳವಾರ, ೧೭ ಡಿಸೆಂಬರ್ ೧೯೧೨

ಪ್ರೀತಿಯ ಅಣ್ಣ ಕಾಜಿಸನಿಗೆ,

'ಪ್ರೀತಿಯ' ಅನ್ನುವ ಮಾತು ಅಮ್ಮನದು. ನಿನಗೆ ಕಾಗದ ಬರೆಯುತ್ತಿದ್ದೇನೆ ಅಂದಾಗ, ಅಣ್ಣನಿಗೆ ಹಾಗೆಯೇ ಶುರು ಮಾಡಬೇಕು ಅಂದಳು. ಮಾಡಿದ್ದೇನೆ. ಇಲ್ಲಿಂದ ಮುಂದೆ ಇರುವುದೆಲ್ಲ ನನ್ನದು.

ಮೊದಲು, ನನ್ನ ಮೊಣಕಾಲಿನ ಮೆತ್ತೆಗಳನ್ನು ವಾಪಸ್ ಕಳಿಸು. ಮಾರ್ಚ್ ತಿಂಗಳಲ್ಲಿ ನೀನು ಊರು ಬಿಡುವಾಗ ಅವು ನಿನ್ನ ಚೀಲದೊಳಗೆ ಹೋದವು. ನಾನು ಹಾಸಿಗೆ ಹಿಡಿದಿದ್ದೆ, ಕೇಳುವವರು ಯಾರೂ ಇರಲಿಲ್ಲ. ನಿನಗೆ ಅವು ಯಾತಕ್ಕೆ? ನೀನು ಯಾವತ್ತು ಬಿದ್ದಿದ್ದೀಯ?

ಶನಿವಾರ ನೀನು ಬಿದ್ದೆ, ಹೌದು. ಅದನ್ನು ಆಮೇಲೆ ಬರೆಯುತ್ತೇನೆ.

ಇದರ ಜೊತೆಗೆ ನಿನ್ನೆಯ ಪತ್ರಿಕೆಯಿಂದ ಕತ್ತರಿಸಿದ ತುಂಡು ಇಟ್ಟಿದ್ದೇನೆ. ನಿಮ್ಮ ವೆಸ್ಟ್‌ಮೋರ್‌ನಲ್ಲೂ ಅಚ್ಚಾಗಿರುತ್ತದೆ, ಆದರೆ ನೀನು ಅದನ್ನು ಒಲೆಗೆ ಹಾಕಿರುತ್ತೀಯ. ನಿನ್ನ ಹೆಸರಿನ ಕೆಳಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದಿದ್ದೇನೆ. ಕಣ್ಣು ಇನ್ನೂ ಊದಿಕೊಂಡಿದ್ದರೆ ಹುಡುಕಲು ಕಷ್ಟ ಆಗಬಾರದಲ್ಲ. ಬ್ಯಾಸ್ಕೆಟ್‌ಬಾಲಿನ ಪಟ್ಟಿಯಲ್ಲಿ ಪ್ರತಿ ಆಟಗಾರನಿಗೂ ಮೂರು ಅಂಕಿ. ಆಡುತ್ತ ಹಾಕಿದ ಬುಟ್ಟಿ, ಫೌಲಿಗೆ ಹಾಕಿದ ಬುಟ್ಟಿ, ಒಟ್ಟು ಅಂಕ. ನಿನ್ನ ಸಾಲನ್ನು ನಾನು ಐವತ್ತು ಸಲ ಓದಿದ್ದೇನೆ. ಹತ್ತು ವರ್ಷಕ್ಕೇ ಶಾಲೆ ಬಿಟ್ಟವನು ನಾನು, ನಿಧಾನವಾಗಿ ಓದುತ್ತೇನೆ. ಇದನ್ನು ಮಾತ್ರ ನಿಧಾನವಾಗಿ ಓದುವುದರಲ್ಲೇ ಸುಖ ಇತ್ತು.

ಈಗ ನಿನಗೆ ಗೊತ್ತಿರುವ ವಿಷಯವನ್ನೇ ಬರೆಯುತ್ತೇನೆ. ಮರೆತಿದ್ದೀಯ ಅಂದುಕೊಂಡು ಓದು.

ನಮ್ಮ ಆಟದಲ್ಲಿ ಯಾರಿಗೆ ಏಟು ಬಿದ್ದರೂ ಫೌಲ್ ಹೊಡೆಯುವವನು ಒಬ್ಬನೇ. ಎಲ್ಲ ಊರಿನ ತಂಡದಲ್ಲೂ ಅಂಥ ಒಬ್ಬನಿರುತ್ತಾನೆ. ಕೈ ನಡುಗದವನು. ಬೆವರು ಒರೆಸಿಕೊಂಡು ಬಂದು ಗೆರೆಯ ಮೇಲೆ ನಿಲ್ಲುತ್ತಾನೆ. ಹದಿನೈದು ಅಡಿ ದೂರದಲ್ಲಿ ಬುಟ್ಟಿ, ನಡುವೆ ಅಡ್ಡ ಬರುವವರು ಯಾರೂ ಇಲ್ಲ. ಆಡುತ್ತ ಹಾಕಿದರೆ ಎರಡು ಅಂಕ, ಇಲ್ಲಿ ಹೋದರೆ ಒಂದು, ಅದು ಅವನ ಹೆಸರಿಗೆ. ಏಟು ತಿಂದವನ ಹೆಸರು ಎಲ್ಲೂ ಬರುವುದಿಲ್ಲ. ಎರಡು ಚಳಿಗಾಲ ನಮ್ಮ ತಂಡದಲ್ಲಿ ಹೊಡೆಯುವವನು ನೀನು, ಬೀಳುವವನು ನಾನು.

ಬೀಳುವುದನ್ನು ಕಲಿಸಿದವನೂ ನೀನೇ. ಅಗ್ನಿಶಾಮಕದವರ ಆ ಮಹಡಿ ಹಾಲಿನಲ್ಲಿ, ಆಟದಂಗಳದ ಸುತ್ತ ಕಟ್ಟಿದ ತಂತಿ ಜಾಲರಿಗೆ ಒರಗಿಕೊಂಡು, ಸೇಬು ಕಚ್ಚುತ್ತ ನೀನು ಹೇಳಿದ ಮಾತು ನನಗೆ ಬಾಯಿಪಾಠ ಇದೆ.

"ನೋಡೋ ಪ್ರಾನಾಸ್, ಚೆಂಡು ಹಿಡ್ಕೊಂಡು ಜಾಲರಿ ಪಕ್ಕಕ್ಕೇ ಓಡು. ಅವ್ರು ನೂಕೇ ನೂಕ್ತಾರೆ. ನೀನು ಬೀಳು, ಮಿಕ್ಕಿದ್ದು ನಾನ್ ನೋಡ್ಕೋತೀನಿ."

ಬಿದ್ದೆ. ಒಂದು ಸಂಜೆಗೆ ಹತ್ತು ಸಲ, ಹನ್ನೆರಡು ಸಲ. ನನ್ನ ಬೆನ್ನಿನ ಮೇಲೆ ತಂತಿಯ ಚೌಕಗಳು ಎಷ್ಟು ಚೆನ್ನಾಗಿ ಮೂಡುತ್ತಿದ್ದವು ಅಂದರೆ, ಅಮ್ಮ ಉಪ್ಪುನೀರಿನಲ್ಲಿ ಒರೆಸುವಾಗ, ಮೀನು ಸುಟ್ಟ ಹಾಗಿದೆ ಅನ್ನುತ್ತಿದ್ದಳು. ನೀನು ಅಲ್ಲೇ ಮೇಜಿನ ಹತ್ತಿರ ಕೂತು ಅವಳಿಗೆ ಪತ್ರಿಕೆ ಓದಿ ಹೇಳುತ್ತಿದ್ದೆ.

ಒಲೆಯ ಮೇಲಿನ ಹಲಗೆಯಲ್ಲಿರುವ ಆ ಎರಡು ತಗಡಿನ ಡಬ್ಬಿಗಳನ್ನೂ ಮರೆತಿದ್ದೀಯೇನೋ. ಅಮ್ಮನಿಗೆ ಅಕ್ಷರ ಬರುವುದಿಲ್ಲ, ಇಂಗ್ಲಿಷಂತೂ ಇಲ್ಲವೇ ಇಲ್ಲ. ಅದಕ್ಕೆ ಅವಳು ಒಣ ಬಟಾಣಿ ಇಟ್ಟುಕೊಂಡಳು. ಮಗನ ಒಂದು ಅಂಕಕ್ಕೆ ಒಂದು ಕಾಳು. ಕ್ರಿಸ್‌ಮಸ್ ಹಿಂದಿನ ಸಂಜೆ ಆ ಕಾಳನ್ನೇ ನೆನೆಹಾಕಿ ಬೇಯಿಸುತ್ತೇನೆ ಅಂದಳು. ನೀನು ಓದುತ್ತಿದ್ದೆ, ಕಾಜಿಸ್ ಹದಿನಾಲ್ಕು. ಅವಳು ಒಂದೊಂದೇ ಎಣಿಸಿ ಹಾಕುತ್ತಿದ್ದಳು, ಟಣ್ ಟಣ್ ಅಂತ. ಪ್ರಾನಾಸ್, ಸೊನ್ನೆ. ಅವಳು ನನ್ನ ಡಬ್ಬಿಯ ಮುಚ್ಚಳ ತೆಗೆದು ಸುಮ್ಮನೆ ಒಮ್ಮೆ ಒಳಗೆ ನೋಡಿ ಮತ್ತೆ ಮುಚ್ಚುತ್ತಿದ್ದಳು. ಎರಡನೇ ಚಳಿಗಾಲಕ್ಕೆ ಮುಚ್ಚಳ ತೆಗೆಯುವುದನ್ನೂ ಬಿಟ್ಟಳು. ಆಮೇಲೆ ಅದರಲ್ಲಿ ಅಂಗಿಯ ಗುಂಡಿಗಳನ್ನು ಹಾಕಿಟ್ಟಳು. ನಾನು ಅವಳನ್ನು ಬೈಯುವುದಿಲ್ಲ. ಖಾಲಿ ಡಬ್ಬಿ ಯಾರ ಮನೆಯಲ್ಲಿ ಸುಮ್ಮನೆ ಕೂತಿರುತ್ತದೆ?

ಆ ಹದಿನಾಲ್ಕರಲ್ಲಿ ಹತ್ತಕ್ಕೆ ನಾನು ಬಿದ್ದಿದ್ದೆ ಅಂತ ಅವಳಿಗೆ ಹೇಳಲು ನಿನಗೆ ಎರಡು ವರ್ಷ ಇತ್ತು. ಒಂದು ಸಲವೂ ಹೇಳಲಿಲ್ಲ. ನಾನಾಗಿ ಹೇಳಿದ್ದರೆ ಹೊಟ್ಟೆಕಿಚ್ಚು ಅನ್ನುತ್ತಿದ್ದರು.

ಇನ್ನು ಮಾರ್ಚ್ ತಿಂಗಳಿಗೆ ಬರೋಣ.

ಋತುವಿನ ಕೊನೆಯ ಆಟ. ವೆಸ್ಟ್‌ಮೋರಿನ ಮ್ಯಾನೇಜರ್ ಲೋರಿಮರ್ ನೋಡಲು ಬಂದಿದ್ದಾನೆ ಅಂತ ನಮಗೆ ಗೊತ್ತಿತ್ತು. ಹಿಂದಿನ ದಿನ ನೀನು ನನ್ನ ಕುತ್ತಿಗೆಗೆ ಕೈ ಹಾಕಿ ಹೇಳಿದೆ, ಹೋದ್ರೆ ಇಬ್ರೂ, ಇಲ್ಲಾಂದ್ರೆ ಒಬ್ರೂ ಇಲ್ಲ. ಅದಕ್ಕೇ ಅವತ್ತು ನಾನು ಹುಚ್ಚನ ಹಾಗೆ ಬಿದ್ದೆ. ಕೊನೆಯ ಸಲ ಬಿದ್ದಾಗ ಭುಜದ ಹತ್ತಿರ ಒಣಕಡ್ಡಿ ಮುರಿದ ಸದ್ದು ಕೇಳಿತು. ನಾನು ಜಾಲರಿಯ ಬುಡದಲ್ಲಿ ಮುದುರಿ ಬಿದ್ದಿದ್ದೆ, ನೀನು ಗೆರೆಯ ಮೇಲೆ ನಿಂತು ಅಂಗೈ ಒರೆಸಿಕೊಳ್ಳುತ್ತಿದ್ದೆ. ಒಮ್ಮೆ ತಿರುಗಿ ನೋಡುತ್ತೀಯ ಅಂದುಕೊಂಡೆ. ನೀನು ಬುಟ್ಟಿಯನ್ನು ನೋಡಿದೆ. ಚೆಂಡು ಹೋಯಿತು. ಊರೆಲ್ಲ ಕೂಗಿತು. ಮಾರನೇ ದಿನದ ಪತ್ರಿಕೆಯಲ್ಲಿ ನಿನ್ನ ಸಾಲು ಒಂದು, ಹದಿನಾಲ್ಕು, ಹದಿನಾರು. ನನ್ನದು ಸೊನ್ನೆ, ಸೊನ್ನೆ, ಸೊನ್ನೆ.

ಬುಧವಾರ ನೀನು ಒಬ್ಬನೇ ರೈಲು ಹತ್ತಿದೆ. ಅವರು ಒಬ್ಬನನ್ನೇ ತಗೊಳ್ಳೋದು, ನಾನೇನ್ ಮಾಡ್ಲಿ, ಸಾಲು ಸುಳ್ಳು ಹೇಳಲ್ಲವಲ್ಲ ಅಂದೆ. ನಾನು ನಂಬಿದೆ, ಕಾಜಿಸ್. ಲೋರಿಮರ್‌ಗೆ ಬೈದೆ, ಪತ್ರಿಕೆಯವನಿಗೆ ಬೈದೆ, ನನ್ನ ಭುಜಕ್ಕೆ ಬೈದೆ. ನಿನಗೊಬ್ಬನಿಗೆ ಬಿಟ್ಟು ಎಲ್ಲರಿಗೂ ಬೈದೆ.

ಮೇ ತಿಂಗಳಲ್ಲಿ ನಮ್ಮ ನಾಯಕ ಗ್ರಿಫ್ ಹೇಳಿದ. ಅವನು ವೇಲ್ಸಿನವನು, ಹೊಟ್ಟೆಯಲ್ಲಿ ಮಾತು ಇಟ್ಟುಕೊಂಡರೆ ಅಜೀರ್ಣ ಆಗುವ ಜಾತಿ. ಆ ಕೊನೆಯ ಆಟದ ಮಾರನೇ ದಿನ ಲೋರಿಮರ್ ಜೊತೆ ನೀನು ಕೂತಿದ್ದ ಮೇಜಿನಲ್ಲಿ ಅವನೂ ಇದ್ದನಂತೆ. ಲೋರಿಮರ್ ಪತ್ರಿಕೆ ಬಿಡಿಸಿ, ನಿನ್ನದೇ ಮನೆತನದ ಹೆಸರಿನ ಈ ಇನ್ನೊಬ್ಬ ರಾಚ್ಕುಸ್ ಯಾರು ಅಂತ ಅವನಾಗಿಯೇ ಕೇಳಿದನಂತೆ. ನಾನು ಅವನ ಕಣ್ಣಿಗೆ ಬಿದ್ದಿದ್ದೆ. ಆಗ ನೀನು ನನ್ನ ಸೊನ್ನೆಗಳ ಮೇಲೆ ಬೆರಳಿಟ್ಟು ಹೇಳಿದ್ದು ಇದು:

"ಅವ್ನಾ? ನನ್ ತಮ್ಮ ಅಷ್ಟೆ. ಸಾಲು ನೋಡಿ, ಗೊತ್ತಾಗುತ್ತೆ."

ಗ್ರಿಫ್ ಕೈಲಿ ಅದನ್ನು ಎರಡು ಸಲ ಹೇಳಿಸಿದೆ. ಹಣ್ಣು ತಿಂದವನು ನೀನು, ಸರಿ. ಸಿಪ್ಪೆಯನ್ನು ನನ್ನ ಕೈಯಲ್ಲಿಟ್ಟು ಕಳ್ಳ ಇವನೇ ಅಂತ ತೋರಿಸುವ ಅಗತ್ಯ ಏನಿತ್ತು?

ಅವತ್ತೇ ತೀರ್ಮಾನ ಮಾಡಿದೆ. ನಿನ್ನನ್ನು ಹೊಡೆಯಬೇಕು ಅಂತಲ್ಲ. ಹೊಡೆದರೆ ಎರಡು ವಾರದಲ್ಲಿ ವಾಸಿ ಆಗುತ್ತದೆ. ನೀನು ಯಾವುದರ ಮೇಲೆ ಬೆರಳಿಟ್ಟೆಯೋ ಅದೇ ನಿನ್ನ ಹೆಸರಿನ ಮುಂದೆ ಬರಬೇಕು. ಮೂರು ಸೊನ್ನೆ. ಲೋರಿಮರ್ ಓದುವ ಪತ್ರಿಕೆಯಲ್ಲಿ, ಊರೂರಿಗೆ ಹೋಗುವ ಪತ್ರಿಕೆಯಲ್ಲಿ.

ದಾರಿ ಏನು ಅಂತ ಬೇಸಿಗೆಯೆಲ್ಲ ಯೋಚಿಸಿದೆ. ಗಣಿಯೊಳಗೆ ಹೇಸರಗತ್ತೆ ಓಡಿಸುವವನಿಗೆ ಯೋಚಿಸಲು ಬೇಕಾದಷ್ಟು ಹೊತ್ತಿರುತ್ತದೆ. ನೀನು ಆಡುತ್ತ ಬುಟ್ಟಿ ಹಾಕುವುದು ಅಪರೂಪ, ಬೆನ್ನ ಹಿಂದೆ ಒಬ್ಬ ನೆರಳಿನ ಹಾಗೆ ಅಂಟಿಕೊಂಡರೆ ಅದೂ ಇಲ್ಲ. ನಿನ್ನ ಅಂಕವೆಲ್ಲ ಬೇರೆಯವರ ಮೈಮೇಲಿನ ಏಟಿನಿಂದ ಬರುವುದು. ಹಾಗಾದರೆ ಏಟೇ ಬೀಳಬಾರದು. ನಾವು ಐವರೂ ನಿಮ್ಮವರನ್ನು ಮುಟ್ಟಲೇಬಾರದು. ಇಡೀ ಆಟ.

ಗ್ರಿಫ್‌ಗೆ ಹೇಳಿದರೆ ಅವನು ನಕ್ಕ. ಮುಟ್ಟದೆ ಆಡೋದಾದ್ರೆ ಚರ್ಚಿಗೆ ಹೋಗ್ರೋ, ಇಲ್ಲಿಗ್ಯಾಕೆ ಬರ್ತೀರಿ ಅಂದ. ಆದರೆ ನೀನು ಹೋದ ಮೇಲೆ ನಮಗೆ ಫೌಲ್ ಹೊಡೆಯುವವನು ಇರಲಿಲ್ಲ, ನವೆಂಬರಿನ ಮೊದಲ ಮೂರು ಆಟ ಸೋತಿದ್ದೆವು, ಕಳೆದುಕೊಳ್ಳಲು ಏನೂ ಉಳಿದಿರಲಿಲ್ಲ. ಆಯ್ತು ಮಾಡು, ಹಾಳಾಗಿ ಹೋಗು ಅಂದ.

ಹೇಗೆ ಕಲಿಸಿದೆ ಗೊತ್ತಾ? ಬರೆಯುತ್ತೇನೆ, ಇದನ್ನು ನೀನು ತಿಳಿಯಲೇಬೇಕು. ಹಿಟ್ಟಿನ ಚೀಲಗಳ ತಳ ಕತ್ತರಿಸಿ, ತೋಳಿಗೆ ತೂತು ಮಾಡಿ, ಎಲ್ಲರಿಗೂ ಅಂಗಿಯ ಹಾಗೆ ಹಾಕಿಸಿದೆ. ಬಿಳಿ ಚೀಲ. ಆಮೇಲೆ ಎಲ್ಲರ ಅಂಗೈಗೂ ಕಲ್ಲಿದ್ದಲ ಪುಡಿ ತಿಕ್ಕಿಸಿದೆ. ಆಡಿ ಅಂದೆ. ಅರ್ಧ ಗಂಟೆ ಆದ ಮೇಲೆ ಸಾಲಾಗಿ ನಿಲ್ಲಿಸಿ ಚೀಲಗಳನ್ನು ನೋಡಿದೆ. ಮೊದಲ ದಿನ ಐದು ಚೀಲವೂ ಒಲೆಯ ಹೊಗೆ ಕೊಳವೆಯ ಹಾಗಿದ್ದವು. ಎಲ್ಲಿ ಎಷ್ಟು ಬೆರಳು, ಯಾವ ಬೆರಳು ಎಲ್ಲ ಕಾಣಿಸುತ್ತಿತ್ತು. ಗ್ರಿಫ್‌ಗೆ ಎಡಗೈಯಲ್ಲಿ ಎರಡು ಬೆರಳಿಲ್ಲವಲ್ಲ, ಮೂರು ಬೆರಳಿನ ಗುರುತು ಎಲ್ಲರ ಸೊಂಟದ ಮೇಲೂ ಇತ್ತು. ಕಳ್ಳ ಸಿಕ್ಕಿಬಿದ್ದ. ಯಾರ ಗುರುತು ಜಾಸ್ತಿಯೋ ಅವರು ಎಲ್ಲರ ಚೀಲ ಒಗೆಯಬೇಕು ಅಂತ ಕಟ್ಟಳೆ ಮಾಡಿದೆ. ಗ್ರಿಫ್‌ನ ಹೆಂಡತಿ ಬಂದು ನನಗೆ ಬೈದು ಹೋದಳು, ಯಾಕಂದರೆ ಒಗೆದವಳು ಅವಳು.

ನಾಲ್ಕು ವಾರ. ಕೊನೆಯ ಮಂಗಳವಾರ ಐದು ಚೀಲದಲ್ಲಿ ಒಟ್ಟು ನಾಲ್ಕು ಗುರುತು. ನಾನು ಆ ಚೀಲಗಳನ್ನು ನೋಡುತ್ತ ಒಬ್ಬನೇ ಹಾಲಿನಲ್ಲಿ ಬಹಳ ಹೊತ್ತು ನಿಂತಿದ್ದೆ.

ಇನ್ನೊಂದು ಕಟ್ಟಳೆಯನ್ನೂ ಮಾಡಿದೆ. ನಮ್ಮ ಕಡೆ ಬಿದ್ದವನೇ ಹೊಡೆಯಬೇಕು. ಏಟು ಯಾರದೋ ಗೆರೆ ಅವನದು. ಗ್ರಿಫ್ ಇದಕ್ಕೆ ಜಗಳವಾಡಿದ. ಊರಲ್ಲಿ ಯಾರೂ ಹೀಗೆ ಆಡಲ್ಲ ಕಣೋ, ಕೈ ಬರದವನ ಹತ್ರ ಹೊಡೆಸಿದರೆ ಸೋಲ್ತೀವಿ ಅಂದ. ನಾನು ನನ್ನ ಅಂಗಿ ಎತ್ತಿ ಬೆನ್ನು ತೋರಿಸಿದೆ. ಹಾಗೇ ಆಡೋಣ ಅಂದ.

ಶನಿವಾರ ನೀನು ವೆಸ್ಟ್‌ಮೋರ್ ತಂಡದ ಜೊತೆ ನಮ್ಮ ವಿರುದ್ಧ ಆಡಲು ಬಂದೆ. ಹೊಸ ಕೋಟು, ಹೊಸ ಟೋಪಿ. ಹಾಲಿನ ಮೆಟ್ಟಿಲ ಹತ್ತಿರ ನನ್ನ ತಲೆಗೆ ಮೊಟಕಿ, ಏನೋ ಚೋಟಾ, ಭುಜ ಹೇಗಿದೆ ಅಂತ ಕೇಳಿದೆ. ಚೆನ್ನಾಗಿದೆ ಅಂದೆ. ಆಟಕ್ಕೆ ಇಳಿದಾಗ ನಿನ್ನ ಮೊಣಕಾಲಲ್ಲಿ ನನ್ನ ಮೆತ್ತೆಗಳಿದ್ದವು. ಅವುಗಳ ಮೇಲೆ ಅಮ್ಮ ಹಾಕಿದ ಹಸಿರು ದಾರದ ಹೊಲಿಗೆ ಇನ್ನೂ ಇತ್ತು.

ಗಣಿಯವರು ನಿನಗಾಗಿ ತಯಾರಾಗಿ ಬಂದಿದ್ದರು. ತಲೆದೀಪದಲ್ಲಿ ಮೊಳೆ ಕಾಯಿಸಿ, ಫೌಲ್ ಹೊಡೆಯುವವನ ಕಾಲಿಗೆ ಜಾಲರಿಯ ಕಣ್ಣಿನಿಂದ ಎಸೆಯುತ್ತಾರಲ್ಲ, ಆ ಮೊಳೆ. ಹೆಂಗಸರ ಟೋಪಿಯಲ್ಲಿ ಚುಚ್ಚಲು ಪಿನ್ನು. ನಾನು ಒಬ್ಬೊಬ್ಬರ ಹತ್ತಿರವೂ ಹೋಗಿ ಬೇಡಿಕೊಂಡೆ. ಮೊಳೆ ಬೇಡ, ಪಿನ್ನು ಬೇಡ. ಅವನು ಗೆರೆಗೆ ಬಂದರೆ ಕೂಗಲೂ ಬೇಡಿ. ಉಸಿರು ಬಿಗಿಹಿಡಿದು ಕೂತಿರಿ, ಅಷ್ಟೆ. ಅವರಿಗೆ ನಿರಾಸೆಯಾಯಿತು, ಆದರೆ ಒಪ್ಪಿದರು. ನೀನು ಹುಟ್ಟಿದಾಗಿನಿಂದ ಗಲಾಟೆಯಲ್ಲೇ ಹೊಡೆದವನು. ಗಲಾಟೆ ನಿನಗೆ ಗೋಡೆ ಇದ್ದ ಹಾಗೆ, ಅದಕ್ಕೆ ಒರಗಿಕೊಂಡು ಹೊಡೆಯುತ್ತಿದ್ದೆ. ನಾನು ಗೋಡೆ ತೆಗೆದೆ.

ಮೊದಲರ್ಧದಲ್ಲಿ ಒಂದೇ ಫೌಲ್. ಗ್ರಿಫ್‌ನ ಮೂರು ಬೆರಳು. ನೀನು ಗೆರೆಗೆ ಬಂದೆ. ನಾನೂರು ಜನರ ಹಾಲಿನಲ್ಲಿ ಒಲೆಯೊಳಗೆ ಇದ್ದಿಲು ಸಿಡಿಯುವ ಸದ್ದು ಕೇಳುತ್ತಿತ್ತು. ನೀನು ಸುತ್ತಲೂ ನೋಡಿದೆ, ಏನೋ ಕಳೆದುಕೊಂಡವನ ಹಾಗೆ. ಚೆಂಡು ಬುಟ್ಟಿಯ ಅಂಚಿಗೆ ತಾಗಿ ಹೊರಗೆ ಬಿತ್ತು. ಆಗಲೂ ಯಾರೂ ಕೂಗಲಿಲ್ಲ. ಅದೇ ನಿನಗೆ ಹೆಚ್ಚು ನಾಟಿತು ಅಂತ ನಿನ್ನ ಮುಖದಲ್ಲಿ ಓದಿದೆ.

ಎರಡನೆಯ ಅರ್ಧದಲ್ಲಿ ಇನ್ನೊಂದು. ಅದೂ ಹೋಗಲಿಲ್ಲ.

ಆ ಹೊತ್ತಿಗೆ ನಿಮ್ಮವರು ನಮ್ಮನ್ನು ಹದಿನೈದು ಸಲ ನೂಕಿದ್ದರು. ನಾನು ನಿನ್ನ ಬೆನ್ನ ಹಿಂದೆಯೇ ಇದ್ದೆ, ಮುಟ್ಟದೆ, ನಿನ್ನ ಕತ್ತಿನ ಬೆವರು ಕಾಣುವಷ್ಟು ಹತ್ತಿರ. ನೀನು ಎಡಕ್ಕೆ ಅಂದರೆ ಎಡಕ್ಕೆ. ಒಮ್ಮೆ ಹಲ್ಲು ಕಚ್ಚಿಕೊಂಡು ನೀನು ಅಂದೆ, "ಮುಟ್ಟೋ. ಒಂದ್ಸಲ ಮುಟ್ಟೋ, ಹೇಡಿ." ನಾನು ಎರಡೂ ಅಂಗೈ ಬಿಡಿಸಿ ನಿನಗೆ ತೋರಿಸಿದೆ.

ಕೊನೆಗೆ ಎರಡು ನಿಮಿಷ ಇತ್ತು. ಚೆಂಡು ನಿನಗೆ ಸಿಕ್ಕಿತು. ನೀನು ಜಾಲರಿಯ ಪಕ್ಕಕ್ಕೆ ಓಡಿದೆ. ಹೆಜ್ಜೆ ನೋಡಿದ ಕೂಡಲೇ ಗೊತ್ತಾಯಿತು, ಅದು ನನ್ನ ಓಟ. ನೀನು ನನಗೆ ಕಲಿಸಿದ ಓಟ, ನಾನು ಎರಡು ವರ್ಷ ಓಡಿದ್ದು. ಭುಜವನ್ನು ಹೇಗೆ ಇಳಿಸಬೇಕು, ಯಾವ ಕಾಲಿನ ಮೇಲೆ ತಿರುಗಬೇಕು ಎಲ್ಲ. ನಾನು ನೂಕುತ್ತೇನೆ ಅಂತ ನೀನು ಮೈಯನ್ನು ಆಗಲೇ ಬಿಟ್ಟುಕೊಟ್ಟಿದ್ದೆ. ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ.

ನೀನು ನಿನ್ನ ಭಾರಕ್ಕೇ ಹೋಗಿ ಬಿದ್ದೆ. ತಂತಿಯ ಗಂಟು ಹುಬ್ಬು ಸೀಳಿತು. ರೆಫರಿ ನನ್ನ ಕೈ ಎಲ್ಲಿದೆ ಅಂತ ನೋಡಿದ, ಆಟ ಮುಂದುವರಿಸಿ ಅಂದ. ನೀನು ಜಾಲರಿಯ ಬುಡದಲ್ಲಿ ಕೂತು ಕಣ್ಣೊಳಗೆ ಇಳಿಯುವ ರಕ್ತ ಒರೆಸಿಕೊಳ್ಳುತ್ತಿದ್ದೆ. ನಾನು ನಿನ್ನನ್ನು ನೋಡಿದೆ. ನೀನು ಅವತ್ತು ನನ್ನನ್ನು ನೋಡದೆ ಬುಟ್ಟಿ ನೋಡಿದೆಯಲ್ಲ, ನಾನು ನೋಡಿದೆ. ಕೈ ಕಟ್ಟಿಕೊಂಡೇ ಇದ್ದೆ. ಬಿಚ್ಚಲು ಬರುತ್ತಿರಲಿಲ್ಲ, ಒಂದು ಕೈ ಇನ್ನೊಂದನ್ನು ಅಷ್ಟು ಗಟ್ಟಿಯಾಗಿ ಹಿಡಿದಿತ್ತು. ನಾನು ನಗುತ್ತಿದ್ದೆ ಅಂತ ಗ್ರಿಫ್ ಹೇಳುತ್ತಾನೆ. ನನಗೆ ನೆನಪಿಲ್ಲ.

ಆಟ ಮುಗಿದ ಮೇಲೆ ಲೋರಿಮರ್ ಅಂಕ ಬರೆಯುವವನ ಮೇಜಿನ ಹತ್ತಿರ ಹೋಗಿ ಹಾಳೆ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ನನ್ನ ಹತ್ತಿರ ಬಂದ. ನೀನು ಅಲ್ಲೇ ಬೆಂಚಿನ ಮೇಲೆ ಹುಬ್ಬಿಗೆ ಬಟ್ಟೆ ಒತ್ತಿಕೊಂಡು ಕೂತಿದ್ದೆ, ನಿನಗೂ ಕೇಳಿಸಿದೆ. ಆದರೂ ಬರೆಯುತ್ತೇನೆ, ಬರೆಯುವುದರಲ್ಲಿ ಇನ್ನೊಂದು ಸಲ ಸುಖ.

"ನೀನು ಯಾವ ರಾಚ್ಕುಸ್?" ಅಂದ.

"ಸಾಲು ನೋಡಿ," ಅಂದೆ. "ಗೊತ್ತಾಗುತ್ತೆ."

ಅವನು ನನ್ನ ಹೆಸರನ್ನು ಚಿಕ್ಕ ಪುಸ್ತಕದಲ್ಲಿ ಬರೆದುಕೊಂಡ. ಯಾತಕ್ಕೆ ಅಂತ ಹೇಳಲಿಲ್ಲ. ನಿನಗೆ ಹೇಳಿರಬಹುದು.

ನಾವು ಸೋತೆವು. ನಿನಗೆ ಗೊತ್ತಿರುವುದೇ, ಮುಚ್ಚಿಟ್ಟು ಏನು ಬಂತು. ನಿಮಗೆ ಇಪ್ಪತ್ತನಾಲ್ಕು, ನಮಗೆ ಇಪ್ಪತ್ತೆರಡು. ನಮಗೆ ಇಪ್ಪತ್ತೊಂದು ಫೌಲ್ ಸಿಕ್ಕಿದವು, ಹನ್ನೆರಡು ಮಾತ್ರ ಬುಟ್ಟಿಗೆ ಹೋದವು. ನಾನೇ ಹನ್ನೊಂದು ಸಲ ಗೆರೆಯ ಮೇಲೆ ನಿಂತು ಐದು ಹಾಕಿದೆ, ಆರು ಬಿಟ್ಟೆ. ಇಪ್ಪತ್ತೊಂದನ್ನೂ ಒಬ್ಬ ಒಳ್ಳೆಯ ಕೈಯವನು ಹೊಡೆದಿದ್ದರೆ ಹದಿನಾರು ಹೋಗುತ್ತಿದ್ದವು, ಗೆಲ್ಲುತ್ತಿದ್ದೆವು ಅಂತ ಗ್ರಿಫ್ ಲೆಕ್ಕ ಹಾಕಿ ಹೇಳಿದ. ಒಳ್ಳೆಯ ಕೈ ಅಂದರೆ ಯಾರ ಕೈ ಅಂತ ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಎರಡು ದಿನದಿಂದ ಅವನು ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಬಿಡಲಿ. ನಾನು ಅವತ್ತು ಗೆಲ್ಲಲು ಆಡಿರಲಿಲ್ಲ.

ಭಾನುವಾರ ಪೂಜೆ ಮುಗಿಸಿ ಚರ್ಚಿನಿಂದ ಹೊರಗೆ ಬಂದರೆ, ಪಕ್ಕದ ಎರಡು ಊರಿನ ತಂಡಗಳ ನಾಯಕರು ಕಾಯುತ್ತಿದ್ದರು. ರಾಚ್ಕುಸ್‌ನನ್ನು ಸೊನ್ನೆಗೆ ಕಟ್ಟಿಹಾಕಿದ್ದು ಹೇಗೆ ಅಂತ ಕೇಳಿದರು. ಕಲ್ಲಿದ್ದಲ ಪುಡಿ, ಹಿಟ್ಟಿನ ಚೀಲ, ಸುಮ್ಮನೆ ಕೂರುವ ಜನ, ಎಲ್ಲ ಹೇಳಿಕೊಟ್ಟೆ. ಒಂದು ಚೀಲವನ್ನು ಮಾದರಿಗೆ ಕೊಟ್ಟೂ ಕಳಿಸಿದೆ. ಜನವರಿಯಲ್ಲಿ ನೀನು ಆ ಎರಡೂ ಊರಿಗೆ ಹೋಗಬೇಕು. ಅಲ್ಲಿಂದ ಬೇರೆಯವರಿಗೂ ಹಬ್ಬುತ್ತದೆ. ಬೆಂದ ಮನೆಯಲ್ಲಿ ಗಳ ಹಿರಿದೆ ಅನ್ನುತ್ತೀಯ. ಹೌದು, ಹಿರಿದೆ. ಬೆಂಕಿ ಇಟ್ಟವನೂ ನಾನೇ.

ಇನ್ನು ಒಂದೇ ಕೆಲಸ ಉಳಿದಿದೆ. ನೀನು ಹೋದ ಮೇಲೆ ಅಮ್ಮನಿಗೆ ಪತ್ರಿಕೆ ಓದುವವನು ನಾನು. ನಿನ್ನ ಹೊಸ ತಂಡದ ಅಂಕವನ್ನೂ ಓದು ಅಂತ ಅವಳು ಹೇಳಿದಳು, ಓದಿದ್ದೇನೆ. ಕಾಜಿಸ್ ಹನ್ನೆರಡು. ಕಾಜಿಸ್ ಒಂಬತ್ತು. ಒಂದು ಕಾಳೂ ಕಡಿಮೆ ಮಾಡಲಿಲ್ಲ. ಈ ಸಲದ ಪತ್ರಿಕೆ ನಿನ್ನೆಯಿಂದ ನನ್ನ ಅಂಗಿಯೊಳಗಿದೆ. ಅವಳು ಎರಡು ಸಲ ಕೇಳಿದಳು, ಬಂದಿಲ್ಲ ಅಂದೆ. ಶನಿವಾರ ನಿನಗೋಸ್ಕರ ಆಲೂಗಡ್ಡೆ ಕಡುಬು ಮಾಡಿ ಕಾದಿದ್ದಳು, ನೀನು ಮನೆಗೆ ತಲೆ ಹಾಕದೆ ನೇರ ರೈಲಿಗೆ ಹೋದೆ. ರೈಲಿಗೆ ಹೊತ್ತಾಗಿತ್ತು ಅಂತ ನಾನೇ ಹೇಳಿದೆ. ನಿನ್ನ ಹುಬ್ಬಿನ ವಿಷಯ ಅವಳಿಗೆ ಗೊತ್ತಿಲ್ಲ.

ಈಗ ಅವಳು ಒಗೆದ ಬಟ್ಟೆ ಒಣಹಾಕಲು ಹಿತ್ತಿಲಿಗೆ ಹೋಗಿದ್ದಾಳೆ. ಬಂದ ಕೂಡಲೇ ಕೂರಿಸಿ ಓದುತ್ತೇನೆ. ನಿನ್ನ ಡಬ್ಬಿಯ ಮುಚ್ಚಳ ತೆಗೆದು ಅವಳು ಒಳಗೆ ನೋಡಿ ಸುಮ್ಮನೆ ಮುಚ್ಚುವುದನ್ನು ನಾನು ನೋಡಬೇಕು. ಅದಕ್ಕೇ ಇಷ್ಟೆಲ್ಲ ಮಾಡಿದ್ದು. ಪತ್ರಿಕೆ, ಲೋರಿಮರ್, ಊರು, ಎಲ್ಲ ಆಮೇಲೆ. ಆ ಮುಚ್ಚಳ ಒಂದು ಸಲ ಹಾಗೆ ಮುಚ್ಚಿದರೆ ನನ್ನ ಬೆನ್ನು ವಾಸಿಯಾಗುತ್ತದೆ.

ಮೆತ್ತೆಗಳನ್ನು ಮರೆಯಬೇಡ.

ಪತ್ರಿಕೆಯಲ್ಲಿ ನಿನ್ನಷ್ಟೇ ಅಚ್ಚುಕಟ್ಟಾಗಿ ಹೆಸರು ಮೂಡಿರುವ,
ಪ್ರಾನಾಸ್ ರಾಚ್ಕುಸ್
ಒಂದು, ಐದು, ಏಳು

ಮತ್ತೆ ಬರೆದದ್ದು: ಕಾಗದ ಮಡಚುವ ಮೊದಲೇ ಅಮ್ಮ ಒಳಗೆ ಬಂದಳು. ಅಂಗಿಯಿಂದ ಪತ್ರಿಕೆಯ ತುದಿ ಕಾಣಿಸಿತು, ಬಂದಿದೆಯಲ್ಲ, ಓದು ಅಂದಳು. ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಕಾಳಿನ ಚೀಲ ಬಿಚ್ಚಿ, ಒಂದು ಹಿಡಿ ತೆಗೆದು, ಡಬ್ಬಿಯ ಮುಂದೆ ಹಾಗೇ ನಿಂತಳು. ನಾನು ನಿನ್ನ ಸಾಲಿನ ಮೇಲೆ ಬೆರಳಿಟ್ಟೆ. ಬಾಯಿ ತೆರೆದೆ. ಕಾಜಿಸ್ ಹನ್ನೊಂದು ಅಂದೆ.

ಅವಳು ಹನ್ನೊಂದು ಹಾಕಿದಳು. ನನ್ನದು ಏಳು ಅಂದಾಗ ನಕ್ಕು, "ನನ್ನ ಸಮಾಧಾನಕ್ಕೆ ಸುಳ್ಳು ಹೇಳ್ಬೇಡ ಮಗಾ" ಅಂದಳು. ಆದರೂ ನನ್ನ ಡಬ್ಬಿ ತೆಗೆದು ಗುಂಡಿಗಳ ಮೇಲೇ ಏಳು ಕಾಳು ಹಾಕಿದಳು. ಅವು ಸದ್ದು ಮಾಡಲಿಲ್ಲ.

ಮುಂದಿನ ಮಂಗಳವಾರ ಕ್ರಿಸ್‌ಮಸ್ ಹಿಂದಿನ ಸಂಜೆ. ನೀನು ಬರಲೇಬೇಕು ಅಂತ ಬರೆ ಅಂದಿದ್ದಾಳೆ. ಹುಬ್ಬಿಗೆ ಬಾಗಿಲು ತಾಗಿತು ಅಂತ ಹೇಳು. ನಿನ್ನ ಡಬ್ಬಿಯ ಕಾಳನ್ನೆಲ್ಲ ಬೇಯಿಸಿ ಮೊದಲು ನಿನ್ನ ತಟ್ಟೆಗೇ ಬಡಿಸುತ್ತಾಳೆ. ಆ ಹನ್ನೊಂದು ಯಾವುವು ಅಂತ ಹುಡುಕಬೇಡ, ಗೊತ್ತಾಗುವುದಿಲ್ಲ. ಒಂದೊಂದನ್ನೂ ಚೆನ್ನಾಗಿ ಅಗಿದು ತಿನ್ನು, ನಾನು ಎದುರಿಗೇ ಕೂತಿರುತ್ತೇನೆ. ಈ ಸಲವೂ ನಿನ್ನ ಅಂಕ ನಾನೇ ಕೊಟ್ಟದ್ದು.